ಖಾಲಿ ಉತ್ತರದ ವಯಸ್ಸು

ಕಮಲಾಪುರ
೮ ಜುಲೈ ೨೦೨೪, ಸೋಮವಾರ ಮುಂಜಾನೆ

ಹರಿಪ್ರಿಯಾ ಮೇಡಮ್ ಅವರಿಗೆ ಕಾವೇರಿ ಸಿಸ್ಟರ್ ಮಾಡುವ ನಮಸ್ಕಾರ.

ನಾನು ಕಮಲಾಪುರದ ತಾಯಿ-ಮಗು ಕೇಂದ್ರದ ನರ್ಸ್. ಏಪ್ರಿಲ್‌ದಾಗ ನೀವು ಕಲಬುರಗಿಯಿಂದ ಬಂದು ನಮಗ ಆ್ಯಪ್ ಕಲಿಸಿದಾಗ ಮುಂದಿನ ಸಾಲಿನ್ಯಾಗ ಕುಂತು ಬಾಳ ಪ್ರಶ್ನಿ ಕೇಳಿದಾಕಿ ನಾನೇ. ಆಗ ನಿಮ್ಮ ಮೇಲ್ ವಿಳಾಸ ಬರಕೊಟ್ಟಿದ್ರಿ. ಫೋನ್ ಮಾಡಬೇಕಂದ್ರ ಇಲ್ಲಿ ಇರೂದು ಒಂದೇ ಖೋಲಿ. ಕೇಂದ್ರದ ಮುಖ್ಯಸ್ಥರು ವಿದ್ಯಾವತಿ ಮೇಡಮ್ ಎದುರಿಗೇ ಕುಂತಿರ್ತಾರ, ನಾ ಹಿಂಗ ಅನುಮಾನ ಪಡೂದು ಅವರಿಗೆ ಸೇರೂದಿಲ್ಲ. ಅದಕ್ಕ ಬರಿಯಾಕತ್ತೀನಿ.

ಶುಕ್ರವಾರ ಹನ್ನೊಂದು ಮಂದಿ ಬಸಿರಿ ಹೆಣ್ಣುಮಕ್ಕಳ ರಕ್ತ, ಮೂತ್ರ ತಗೊಂಡು ಕಲಬುರಗಿ ಲ್ಯಾಬಿಗೆ ಕಳಿಸೀನಿ. ಲ್ಯಾಬಿನವರು ವರದಿ ಹಾಕಿದ ಮ್ಯಾಲೆ ಯಾರಿಗೆ ಧೋಕಾ ಅದನೋ ಅವರ ಹೆಸರು ಮುಂಜಾನೆ ನನ್ನ ಫೋನಿನ್ಯಾಗ ಕೆಂಪಗ ಬರಬೇಕು. ಆ ಹೆಸರು ಹಿಡಕೊಂಡು ನಾ ಅವರ ಮನಿಗೆ ಹೋಗಬೇಕು. ಯಾರೂ ಇಲ್ಲಂದ್ರ ಹಸಿರು ಪರದೆ ಮ್ಯಾಲೆ ‘ಇಂದು ಯಾರೂ ಇಲ್ಲ’ ಅಂತ ಬರ್ತದ. ಶನಿವಾರ ಹಸಿರು ಬಂತು. ಐತವಾರ ಹಸಿರು. ಇವತ್ತೂ ಹಸಿರು.

ಹನ್ನೊಂದು ಮಂದಿಯೊಳಗ ಒಬ್ಬಾಕಿಗೂ ಏನೂ ಇಲ್ಲ ಅನ್ನೂದನ್ನ ಈ ಆರು ವರ್ಷದಾಗ ನಾ ಕಂಡಿಲ್ಲ. ಏನಿಲ್ಲಂದ್ರೂ ರಕ್ತ ಕಡಿಮಿ ಇದ್ದಾಕಿ ಒಬ್ಬಾಕಿಯರೆ ಇರ್ತಾಳ. ಪಟ್ಟಿ ಖಾಲಿ ಇದ್ರ ಖುಷಿ ಪಡು ಅಂತಾರ ವಿದ್ಯಾವತಿ ಮೇಡಮ್. ನನಗ ಖುಷಿ ಆಗವಲ್ದು, ಅಂಜಿಕಿ ಬರಾಕತ್ತದ.

ಹೋದ ವಾರ ಆ್ಯಪ್ ತಡಾ ಮಾಡ್ತದ ಅಂತ ನಾ ಹೇಳಿದ್ದಕ್ಕ ಜಲ್ದಿ ಆಗೂಹಂಗ ಮಾಡಿಕೊಟ್ರಿ, ಅದಕ್ಕ ಬಾಳ ಉಪಕಾರ. ಈಗ ಖರೇನೇ ಯಾರೂ ಇಲ್ಲೇನು, ಅಷ್ಟು ನೋಡಿ ಹೇಳ್ರಿ.

ಕಾವೇರಿ


ಕಲಬುರಗಿ
೮ ಜುಲೈ, ಮಧ್ಯಾಹ್ನ

ಕಾವೇರಿ ಸಿಸ್ಟರ್ ಅವರಿಗೆ,

ನಿಮ್ಮ ಪತ್ರ ಓದಿದ ಕೂಡಲೇ ನೋಡಿದೆ. ಅಂಜಬ್ಯಾಡ್ರಿ, ಎಲ್ಲಾ ಸರಿ ಅದ.

ನಿಮ್ಮ ಫೋನು ಪಟ್ಟಿ ಕೇಳಿದಾಗ ನಮ್ಮ ಸರ್ವರ್ ಒಂದು ಉತ್ತರ ಕಳಸ್ತದ. ಅದನ್ನ ಲಕೋಟಿ ಅಂತ ತಿಳೀರಿ. ಲಕೋಟಿ ಮ್ಯಾಲೆ ಬರೆದ ಸಾಲಿಗೆ ಹೆಡರ್ ಅಂತೀವಿ. ಒಳಗ ಏನದ, ಎಷ್ಟು ಉದ್ದ ಅದ, ಯಾವಾಗ ಕಳಿಸಿದ್ದು, ನಡುವ ಯಾರರೆ ಇದರ ನಕಲು ಇಟಗೋಬಹುದೋ ಇಲ್ಲೋ, ಹಿಂಥಾವೆಲ್ಲಾ ಅಲ್ಲಿ ಇರ್ತಾವ. ಎಲ್ಲಾದಕ್ಕೂ ಮೊದಲು ಒಂದು ಸಂಖ್ಯೆ. ನಿಮ್ಮದಕ್ಕ ೨೦೪ ಬಂದದ. ಕೆಲಸ ಸರಿಯಾಗಿ ಆಗ್ಯಾದ, ಆದ್ರ ಕೊಡ್ಲಿಕ್ಕೆ ಏನೂ ಇಲ್ಲ, ಒಳಗ ಹುಡುಕಬ್ಯಾಡ್ರಿ ಅಂತ ಅದರ ಅರ್ಥ. ಏನರೆ ಕೆಟ್ಟಿದ್ರ ಬ್ಯಾರೆ ಸಂಖ್ಯೆ ಬರ್ತಿತ್ತು. ನಾನೂ ಇಲ್ಲಿಂದ ಕೇಳಿ ನೋಡಿದೆ, ನನಗೂ ೨೦೪ ಬಂತು.

ಅಂದ್ರ ಹನ್ನೊಂದೂ ಮಂದಿ ಆರಾಮ ಇದ್ದಾರ. ನೀವು ಇಷ್ಟು ಕಾಳಜಿ ಮಾಡೂದು ನೋಡಿ ಖರೇನೇ ಸಂತೋಷ ಆತು. ಇವತ್ತೊಂದು ದಿನ ನೀವೂ ಆರಾಮ ಇರ್ರಿ.

ಹರಿಪ್ರಿಯಾ


ಕಮಲಾಪುರ
೯ ಜುಲೈ, ಮಂಗಳವಾರ ಮುಂಜಾನೆ

ಮೇಡಮ್,

ಇವತ್ತೂ ಹಸಿರು.

ನೀವು ಅಂಜಬ್ಯಾಡ್ರಿ ಅಂದ ಮ್ಯಾಲೂ ಮನಸ್ಸು ತಡಿಲಿಲ್ಲ. ಈಗ ಲ್ಯಾಬಿನ ಫುರ್ಕಾನ್ ಭಾಯಿಗೆ ಫೋನ್ ಮಾಡಿದ್ದೆ, ಹೊರಗ ಬೇವಿನ ಗಿಡದ ಕೆಳಗ ನಿಂತು. ಅವರಂದ್ರು, ‘ಸಿಸ್ಟರ್, ಶನಿವಾರ ಮಧ್ಯಾಹ್ನ ನಿಮ್ಮ ಕೇಂದ್ರದ್ದು ಮೂರು ಕೆಂಪು ಹಾಕೀನಿ. ಯಾರವು ಅಂತ ನನಗ ಗೊತ್ತಾಗಂಗಿಲ್ಲ. ನಮಗ ಶೀಶೆ ಮ್ಯಾಲೆ ಗೆರಿ ಗುರುತು ಅಷ್ಟೇ ಇರ್ತದ, ಹೆಸರು ನಿಮ್ಮ ಆ್ಯಪಿನ್ಯಾಗ ಇರ್ತಾವ.’

ಮೂರು ಅಂತ ಅವರು ಅಂತಾರ, ಯಾರೂ ಇಲ್ಲ ಅಂತ ನೀವು ಅಂತೀರಿ. ಇಬ್ಬರೊಳಗ ಒಬ್ಬರದು ತಪ್ಪು. ಅವರು ತಮ್ಮ ಕೈಯಾರೆ ಹಾಕ್ಯಾರ.

ನನಗ ನಿಮ್ಮ ವಿದ್ಯಾ ತಿಳಿಯೂದಿಲ್ಲ. ಒಂದೇ ಕೇಳ್ತೀನಿ, ತಪ್ಪು ತಿಳಿಬ್ಯಾಡ್ರಿ. ಲಕೋಟಿ ಖಾಲಿ ಇದ್ರೂ ಸರಿ ಅಂದ್ರಿ. ಆ ಲಕೋಟಿ ಯಾವತ್ತಿಂದು? ನಮ್ಮಲ್ಲಿ ತಾರೀಖು ಇಲ್ಲದ ಶೀಶೆ ಬಂದ್ರ, ಅದರಾಗ ಏನೇ ಇರಲಿ, ನಾವು ಚೆಲ್ಲಿ ಬಿಡ್ತೀವಿ.

ಹನ್ನೊಂದು ಗಂಟೆಗೆ ಮೀಟಿಂಗ್ ಅದ, ವಿದ್ಯಾವತಿ ಮೇಡಮ್ ಬಿಡೂದಿಲ್ಲ. ಅದು ಮುಗಿದ ಕೂಡಲೇ ಸ್ಕೂಟಿ ತಗೊಂಡು ಹನ್ನೊಂದೂ ಮನಿಗೆ ಹೋಗ್ತೀನಿ. ಪಟ್ಟಿ ಬರಲಿ, ಬಿಡಲಿ.

ಕಾವೇರಿ


ಕಲಬುರಗಿ
೯ ಜುಲೈ, ಸಂಜಿ ೬.೪೦

ಸಿಸ್ಟರ್,

ನಾಲ್ಕು ಸಲ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಕೇಂದ್ರಕ್ಕ ಮಾಡಿ ವಿದ್ಯಾವತಿ ಮೇಡಮ್‌ಗೆ ಹೆಸರು ಹೇಳೀನಿ, ಅವರು ಬರಕೊಂಡಾರ. ಎಲ್ಲಿಯರೆ ಸಿಗ್ನಲ್ ಸಿಕ್ಕು ಇದನ್ನ ನೋಡಿದ್ರ ಮೊದಲು ಈ ಮೂರು ಹೆಸರು ನೋಡ್ರಿ:

ಗುಂಡಮ್ಮ, ಮಾಪಣ್ಣ ಅವರ ಹೆಂಡತಿ, ಮಹಾಗಾಂವ. ಮೂತ್ರದೊಳಗ ಪ್ರೋಟೀನ್ ಮೂರು ಪ್ಲಸ್, ರಕ್ತದೊಳಗ ಪ್ಲೇಟ್‌ಲೆಟ್ ಬಾಳ ಕಡಿಮಿ. ‘ತಕ್ಷಣ’ ಅಂತ ಗುರುತು ಅದ.
ಅಲ್ಫಿಯಾ, ಕಮಲಾಪುರ. ರಕ್ತದ ಹಿಮೋಗ್ಲೋಬಿನ್ ಬರೇ ಆರೂವರೆ.
ಕಮಲಾಪುರದ್ದೇ ಇನ್ನೊಬ್ಬಾಕಿ, ಸಕ್ಕರಿ ಹೆಚ್ಚು. ಆಕಿ ಹೆಸರು, ವಿಳಾಸ ಕೆಳಗ ಹಚ್ಚೀನಿ.

ನಿಮ್ಮ ಪತ್ರ ಮುಂಜಾನೆನೇ ಬಂದಿತ್ತು. ನಾ ಬ್ಯಾರೆ ಕೆಲಸದಾಗಿದ್ದೆ, ತೆಗೆದು ನೋಡಿದ್ದು ಸಂಜಿ ಆರಕ್ಕ. ನೀವು ಕೇಳಿದ್ದು ಸರಿ. ಲಕೋಟಿ ಮ್ಯಾಲೆ ‘ವಯಸ್ಸು’ ಅಂತ ಒಂದು ಹೆಡರ್ ಇರ್ತದ, ಉತ್ತರ ಹುಟ್ಟಿ ಎಷ್ಟು ಸೆಕೆಂಡು ಆತು ಅಂತ. ನಿನ್ನೆ ನಾನು ಸಂಖ್ಯೆ ಅಷ್ಟೇ ನೋಡಿದ್ದೆ. ಇವತ್ತು ಆ ಸಾಲು ನೋಡಿದೆ. ಮೂರು ಲಕ್ಷ ಎರಡು ಸಾವಿರ. ಭಾಗಿಸಿದ್ರ ಎಂಬತ್ತನಾಲ್ಕು ತಾಸು. ಶನಿವಾರ ಮುಂಜಾನೆ ಆರಕ್ಕ, ವರದಿ ಬರೂಕ್ಕಿಂತ ಮೊದಲು, ಪಟ್ಟಿ ಖರೇನೇ ಖಾಲಿ ಇತ್ತು. ಅವತ್ತಿನ ಆ ಖಾಲಿ ಉತ್ತರವನ್ನೇ ನಿಮ್ಮ ಫೋನಿಗೂ ನಮಗೂ ನಡುವ ನಕಲು ಇಟ್ಟು ಕೊಡೂ ಇನ್ನೊಂದು ಸರ್ವರ್ ಇಟಗೊಂಡು ನಾಲ್ಕು ದಿನದಿಂದ ನಿಮಗ ಕೊಡ್ಲಿಕ್ಕತ್ತದ. ಒಳಗ ಹೋಗಿ ಹೊಸದಾಗಿ ಕೇಳೇ ಇಲ್ಲ.

ವ್ಯವಸ್ಥೆಯೊಳಗ ಒಂದು ದೋಷ ಇತ್ತು, ಈಗ ತೆಗೆದೀನಿ. ಫೋನ್ ಎತ್ತರಿ.

ಹರಿಪ್ರಿಯಾ


ಕಲಬುರಗಿ
೧೦ ಜುಲೈ, ಬುಧವಾರ

ಸಿಸ್ಟರ್, ನಿಮ್ಮ ಫೋನು ಬಂದ್ ಅದ. ಮಹಾಗಾಂವದಾಗ ಯಾರಿಗೋ ಸೀರಿಯಸ್ ಆಗಿ ನೀವು ಅವರ ಜೋಡಿ ಕಲಬುರಗಿಗೆ ಹೋಗೀರಿ ಅಂತ ಕೇಂದ್ರದವರು ಅಂದ್ರು. ಯಾವ ದವಾಖಾನಿ ಅಂತ ಹೇಳಲಿಲ್ಲ, ಅದರ ಬಗ್ಗೆ ಮಾತಾಡಬ್ಯಾಡ್ರಿ ಅಂದ್ರು. ಒಂದು ಸಾಲು ಬರೀರಿ. ಆಕಿ ಅದಾಳೋ ಇಲ್ಲೋ, ಅಷ್ಟೇ.

ಹರಿಪ್ರಿಯಾ


ಕಲಬುರಗಿ
೧೧ ಜುಲೈ, ಗುರುವಾರ

ಕಾವೇರಿ ಸಿಸ್ಟರ್,

ನೀವು ಬರಿಯೂದಿಲ್ಲ ಅಂತ ಕಾಣಸ್ತದ. ಬರೀಬ್ಯಾಡ್ರಿ. ನಾನು ಬರಿಯೂದರೆ ಬರಿತೀನಿ.

ಮಂಗಳವಾರ ‘ವ್ಯವಸ್ಥೆಯೊಳಗ ದೋಷ’ ಅಂತ ಬರೆದಿದ್ದೆ. ಅದು ನನ್ನ ಕೆಲಸ. ನಾಲ್ಕನೇ ತಾರೀಖು ನಾನೇ ಮಾಡಿದ್ದು. ಆ್ಯಪ್ ತಡಾ ಮಾಡ್ತದ ಅಂತ ನೀವು ಹೇಳಿದ್ದಕ್ಕ, ನಡುವಿನ ಸರ್ವರಿಗೆ ಎಲ್ಲಾ ಉತ್ತರ ಒಂದು ವಾರ ಇಟಗೋ ಅಂತ ಹೇಳಿದೆ. ಹೆಸರಿನ ಪಟ್ಟಿಗೆ ಹಂಗ ಆಗಬಾರದು ಅನ್ನೂದು ನನಗ ಗೊತ್ತಿತ್ತು. ಅದಕ್ಕ ಪಟ್ಟಿ ಕಳಸೂ ಮುಂದ ‘ಇದನ್ನ ಇಟಗೋಬ್ಯಾಡ’ ಅಂತ ಒಂದು ಹೆಡರ್ ಹಚ್ಚಿದ್ದೆ. ಹೆಸರು ತುಂಬಿದ ಪಟ್ಟಿ ಇಟ್ಟು ಹತ್ತು ಸಲ ನೋಡಿದೆ, ಸರಿ ಬಂತು. ಪಟ್ಟಿ ಖಾಲಿ ಇದ್ರ ಏನಾಗ್ತದ ಅಂತ ಒಂದು ಸಲಾನೂ ನೋಡಲಿಲ್ಲ. ಖಾಲಿ ಇದ್ದಾಗ ಸರ್ವರ್ ಆ ಹೆಡರಿನ ತನಕ ಹೋಗೂದೇ ಇಲ್ಲ, ಅದಕ್ಕಿಂತ ಮೊದಲೇ ೨೦೪ ಅಂತ ಕಳಿಸಿ ಕೈ ತೊಳಕೋತದ. ಒಳಗ ಏನೂ ಇಲ್ಲದ ಲಕೋಟಿ ಮ್ಯಾಲೆ ಏನು ಬರಿಯೂದು ಅಂತ ಆ ಪ್ರೋಗ್ರಾಮ್ ಬರೆದಾಗ ನನಗ ಅನಿಸಿತ್ತು.

ನಮ್ಮ ಆಫೀಸಿನ ಮಾಲಕರು ಸುಮಧ್ವ ಸರ್. ನಮ್ಮ ಅಪ್ಪಾನ ಗೆಳೆಯರ ಮಗ, ಇಷ್ಟು ದಿನ ನನಗ ಅಣ್ಣನ ಹಂಗ ಇದ್ದವರು. ಇವತ್ತು ಕೋಣೆಗೆ ಕರೆದು ಒಂದು ಕಾಗದ ಮುಂದಿಟ್ರು. ಕಮಲಾಪುರದ ಕಡೆ ನೆಟ್‌ವರ್ಕ್ ತೊಂದರೆಯಿಂದ ಪಟ್ಟಿ ತಲುಪಲಿಲ್ಲ ಅಂತ ಅದರಾಗ ಬರೆದದ. ಕೆಳಗ ನನ್ನ ಹೆಸರು, ಸಹಿಗೆ ಜಾಗ. ಕೇಂದ್ರ ನಡಸೂ ಟ್ರಸ್ಟಿಗೆ ಅದನ್ನ ಕಳಸಬೇಕಂತ. ‘ಒಂದು ಸಾಲಿನ ಸಲುವಾಗಿ ಹದಿನಾಲ್ಕು ಮಂದಿಯ ಆಫೀಸು ಮುಚ್ಚಬೇಕೇನು?’ ಅಂದ್ರು. ನಾಳೆ ಹೇಳ್ತೀನಿ ಅಂತ ಬಂದೀನಿ.

ನೆಟ್‌ವರ್ಕ್ ಅಂದ್ರ ತಪ್ಪು ನಿಮ್ಮ ಕಡೆ ಬರ್ತದ. ನಿಮ್ಮ ಫೋನಿಗೆ, ಆಮ್ಯಾಲೆ ನಿಮಗ.

ಮನಿಯೊಳಗ ಆಯಿ ಊಟಕ್ಕ ಕರೀಲಿಕ್ಕತ್ತಾಳ. ನಾ ಇದನ್ನ ಬರಕೋತ ಕುಂತೀನಿ. ದಯವಿಟ್ಟು ಗುಂಡಮ್ಮ ಹೆಂಗಿದ್ದಾರ ಹೇಳ್ರಿ.

ಹರಿಪ್ರಿಯಾ


ಕಮಲಾಪುರ
೧೩ ಜುಲೈ, ಶನಿವಾರ

ಹರಿಪ್ರಿಯಾ ಅವರಿಗೆ,

ನಿಮ್ಮ ಮೂರೂ ಪತ್ರ ಇವತ್ತ ಓದಿದೆ. ನನ್ನ ಫೋನು ಸ್ಕೂಟಿ ಡಿಕ್ಕಿಯಾಗ ಮಹಾಗಾಂವದಾಗ ಉಳಿದಿತ್ತು. ನಿನ್ನೆ ಸಂಜಿ ತಗೊಂಡು ಬಂದೆ.

ಆದದ್ದು ಹೇಳ್ತೀನಿ. ಮೀಟಿಂಗ್ ಮುಗಿದದ್ದು ಒಂದೂವರೆಗೆ. ಕಮಲಾಪುರದ ಮನಿ ಮುಗಿಸಿ ಮಹಾಗಾಂವ ಮುಟ್ಟಿದಾಗ ನಾಲ್ಕು ದಾಟಿತ್ತು. ಗುಂಡಮ್ಮಗ ಎಂಟನೇ ತಿಂಗಳು ನಡದಿತ್ತು. ಕತ್ತಲ ಖೋಲಿಯಾಗ ಕಣ್ಣಿಗೆ ಸೆರಗು ಕಟಗೊಂಡು ಮಲಗಿದ್ದಳು. ಎರಡು ದಿನದಿಂದ ತೆಲಿಬ್ಯಾನಿ, ಬೆಳಕು ನೋಡಿದ್ರ ಕಣ್ಣಾಗ ಚುಕ್ಕಿ ಕಾಣ್ತಾವ ಅಂದಳು. ಬಿಪಿ ನೋಡಿದೆ, ನೂರಾ ಎಪ್ಪತ್ತೆಂಟು, ಕೆಳಗ ನೂರಾ ಹದಿನಾಲ್ಕು. ಆಕಿ ಅತ್ತಿ ಶೇವಂತಾಬಾಯಿ ನನಗೇ ಸಮಾಧಾನ ಹೇಳಾಕತ್ತಿದ್ರು, ಹೊಲದಾಗ ತೊಗರಿ ಬಿತ್ತಿ ದಣಿದಾಳ ಅಂತ. ಗಂಡ ಮಾಪಣ್ಣ ನಂದೂರ ದಾಲ್ ಮಿಲ್ಲಿನ್ಯಾಗ ಪಾಳಿ ಮ್ಯಾಲಿದ್ದ.

ಆಂಬುಲೆನ್ಸ್ ಒಂದು ತಾಸು ಅಂದ್ರು. ಒಂದು ತಾಸು ಆಕಿ ಕಡೆ ಇಲ್ಲ ಅನ್ನೂದು ನನಗ ಕಾಣಾಕತ್ತಿತ್ತು. ಕ್ರಾಸಿನ್ಯಾಗ ನಿಂತ ಟೆಂಪೋದವನ ಕೈಕಾಲು ಹಿಡಿದೆ. ಹತ್ತಿಸೂ ಮುಂದ ಆಕಿ ಕಣ್ಣು ಮ್ಯಾಲಾದ್ವು, ಹಲ್ಲು ಕಚ್ಚಿಕೊಂಡಳು, ಮೈ ಕಟಗಿ ಆಗಿ ಝಾಡಿಸಾಕತ್ತಿತು. ನನ್ನ ಚೀಲದಾಗ ಝಾಡಿಸೂದು ನಿಲ್ಲಸೂ ಮ್ಯಾಗ್ನೀಸಿಯಂ ಸೂಜಿ ಇತ್ತು. ಕಲಿಯೂ ಮುಂದ ಗೊಂಬಿಗೆ ಕೊಟ್ಟಿದ್ದೆ, ಜೀವ ಇದ್ದವರಿಗೆ ಯಾವತ್ತೂ ಕೊಟ್ಟಿದ್ದಿಲ್ಲ. ಎರಡೂ ಕುಂಡಿಗೆ ಕೊಟ್ಟೆ. ಲೆಕ್ಕ ತಪ್ಪಿದ್ರ ಉಸರು ನಿಂದರ್ತದ ಅಂತ ಗೊತ್ತು. ಕಲಬುರಗಿ ತನಕ ಆಕಿ ಎದಿ ಮ್ಯಾಲೆ ಕೈ ಇಟ್ಟು ಉಸರು ಎಣಿಸಿದೆ. ದಾರಿಯಾಗ ಇನ್ನೊಮ್ಮೆ ಝಾಡಿಸಿತು.

ಜಿಲ್ಲಾ ದವಾಖಾನಿಯಾಗ ಆಪರೇಷನ್ ಮಾಡಿ ಕೂಸು ತೆಗೆದಾರ. ಹೆಣ್ಣು, ಒಂದು ಕಿಲೋ ನಾನೂರಾ ಐವತ್ತು ಗ್ರಾಂ, ಕಾಜಿನ ಪೆಟಗಿಯಾಗ ಇಟ್ಟಾರ. ಗುಂಡಮ್ಮ ಇನ್ನೂ ಕಣ್ಣು ತೆಗೆದಿಲ್ಲ. ಉಸರಿನ ನಳಿಗಿ ಹಾಕ್ಯಾರ.

ನೀವು ಅಂಜಬ್ಯಾಡ್ರಿ ಅಂತ ಬರೆದಿದ್ರಿ. ಸೋಮವಾರ ಮಧ್ಯಾಹ್ನ. ಅವತ್ತ ಆಕಿ ತೆಲಿಬ್ಯಾನಿ ಶುರು ಆಗಿತ್ತು ಅಷ್ಟೇ.

ಸಹಿ ಮಾಡ್ರಿ, ಬಿಡ್ರಿ. ಅದು ನಿಮಗ ಬಿಟ್ಟದ್ದು.

ಕಾವೇರಿ


ಕಲಬುರಗಿ
೧೫ ಜುಲೈ, ಸೋಮವಾರ

ಕಾವೇರಿ ಸಿಸ್ಟರ್,

ಸಹಿ ಮಾಡಲಿಲ್ಲ. ಆದದ್ದೆಲ್ಲಾ ತಾರೀಖಿನ ಸಮೇತ ನಾನೇ ಬರೆದು ಟ್ರಸ್ಟಿಗೆ ಕಳಿಸೀನಿ. ಸುಮಧ್ವ ಸರ್ ಓದಿ, ‘ನಾಳೆಯಿಂದ ಬರೂದು ಬ್ಯಾಡ’ ಅಂದ್ರು. ಆಮ್ಯಾಲೆ ಟ್ರಸ್ಟಿನವರ ಫೋನ್ ಬಂತು, ತಿರುಗಿ ಕರೆಸಿ, ವಿಚಾರಣೆ ಮುಗಿಯೂತನಕ ಇರು ಅಂದ್ರು. ಈಗ ಆಫೀಸಿನೊಳಗ ಯಾರೂ ನನ್ನ ಜೋಡಿ ಮಾತಾಡೂದಿಲ್ಲ.

ಇನ್ನೊಂದು ಸಂಗತಿ ನಿಮಗ ತಿಳಿದಿರಬೇಕು. ನಿಮ್ಮ ಕೇಂದ್ರ ಒಂದೇ ಅಲ್ಲ. ಮಂಗಳವಾರನೇ ಹಳೆಯ ದಾಖಲೆ ತೆಗೆದು ನೋಡಿದೆ. ಇನ್ನೂ ನಾಲ್ಕು ಕೇಂದ್ರಕ್ಕ ಹಿಂಗೇ ಹಳೇ ಖಾಲಿ ಉತ್ತರ ಹೋಗಿತ್ತು. ನಿಮ್ಮ ಮೂರೂ ಸೇರಿ ಒಟ್ಟು ಒಂಬತ್ತು ಹೆಸರು ಮುಚ್ಚಿಹೋಗಿದ್ವು. ಒಬ್ಬೊಬ್ಬರ ಸಿಸ್ಟರಿಗೂ ಫೋನ್ ಮಾಡಿದೆ. ಒಂಬತ್ತೂ ಮಂದಿ ಸಿಕ್ಕಾರ. ಬ್ಯಾರೆ ಯಾರಿಗೂ ಗುಂಡಮ್ಮನ ಹಂಗ ಆಗಿಲ್ಲ. ಆ ನಾಲ್ಕು ಕೇಂದ್ರದವರಿಗೆ ಯಾರಿಗೂ ಅನುಮಾನ ಬಂದಿದ್ದಿಲ್ಲ. ನೀವು ಕೇಳದೇ ಇದ್ದಿದ್ರ ಆ ವಾರ ಪೂರ್ತಿ ಹಸಿರೇ ಇರ್ತಿತ್ತು.

ನಿನ್ನೆ ದವಾಖಾನಿಗೆ ಹೋಗಿದ್ದೆ. ಐಸಿಯು ಹೊರಗ ಶೇವಂತಾಬಾಯಿ ಗ್ವಾಡಿಗೆ ಆತು ಕುಂತಿದ್ರು. ಅವರ ಬಾಜೂಕ ಕುಂತೆ. ಯಾರ ಕಡೆಯವರವ್ವಾ ಅಂತ ಕೇಳಿದ್ರು. ಸುಳ್ಳು ಬಾಯಿ ತನಕ ಬಂದಿತ್ತು. ನುಂಗಿ, ನಾ ಯಾರು ಅಂತ ಹೇಳಿದೆ. ಅವರಿಗೆ ಸರ್ವರ್, ಆ್ಯಪ್ ತಿಳೀಲಿಲ್ಲ. ವರದಿ ಶನಿವಾರನೇ ಬಂದಿತ್ತು, ನನ್ನ ತಪ್ಪಿನಿಂದ ಮುಟ್ಟಲಿಲ್ಲ ಅನ್ನೂದು ತಿಳೀತು. ಸೆರಗು ಮಾರಿಗೆ ಮುಚ್ಚಿಕೊಂಡ್ರು. ಆಮ್ಯಾಲೆ, ‘ಈಗ ಎದ್ದು ಹೋಗವ್ವಾ, ನನ್ನ ಮಗ ಬರೂ ವ್ಯಾಳೆ ಆತು’ ಅಂದ್ರು. ನಾ ಎದ್ದು ಬಂದೆ.

ಹರಿಪ್ರಿಯಾ


ಕಮಲಾಪುರ
೨೯ ಜುಲೈ, ಸೋಮವಾರ

ಹರಿಪ್ರಿಯಾ,

ಹದಿನಾಲ್ಕು ದಿನ ನಿಮಗ ಉತ್ತರ ಬರೀಲಿಲ್ಲ. ಸಿಟ್ಟಿನಿಂದ ಅಂತ ನೀವು ತಿಳಿದಿರಬೇಕು. ಮೊದಲು ಸಿಟ್ಟೇ ಇತ್ತು.

ಗುಂಡಮ್ಮ ಬದುಕ್ಯಾಳ. ನೀವು ಬರೆದ ಮರುದಿನವೇ ಕಣ್ಣು ತೆಗೆದಳು. ಎರಡು ದಿನ ಎಲ್ಲಾ ಮಂಜು ಮಂಜು ಕಾಣ್ತಿತ್ತು, ಈಗ ನಿಚ್ಚಳ ಆಗ್ಯಾದ. ಆ ದಿನದ್ದು ಏನೂ ನೆನಪಿಲ್ಲ ಆಕಿಗೆ. ಕೂಸು ಒಂದು ಕಿಲೋ ಆರುನೂರು ಆಗ್ಯಾದ, ಚಮಚಾದಿಂದ ಹಾಲು ತಗೋತದ. ಇನ್ನೂ ಪೆಟಗಿಯಾಗೇ ಅದ. ಡಾಕ್ಟರ್ ಇನ್ನೂ ಏನೂ ಗಟ್ಟಿ ಹೇಳವಲ್ರು.

ಈಗ ನಾ ಬರೀದೇ ಇದ್ದ ಕಾರಣ. ಆ ಶುಕ್ರವಾರ ರಕ್ತ ತಗೊಳೂ ಮುಂದ ಗುಂಡಮ್ಮನ ಪಾದ ನೋಡಿದ್ದೆ. ಬಾತಿದ್ವು. ಒತ್ತಿದ್ರ ಕುಣಿ ಬೀಳ್ತಿತ್ತು. ಬಿಪಿ ಗಡಿ ಮ್ಯಾಲಿತ್ತು, ನೂರಾ ಮೂವತ್ತಾರು. ಐತವಾರ ಒಮ್ಮೆ ಹೋಗಿ ನೋಡಬೇಕು ಅಂದುಕೊಂಡೆ. ಐತವಾರ ಮುಂಜಾನೆ ಹಸಿರು ಬಂತು. ಖರೆ ಹೇಳ್ತೀನಿ, ಅದನ್ನ ನೋಡಿ ನನಗೂ ಹಗರ ಆತು. ಮಳಿ ಹತ್ತಿತ್ತು, ಮನಿಯಾಗ ಅಕ್ಕನ ಮಕ್ಕಳು ಬಂದಿದ್ರು. ಹೋಗಲಿಲ್ಲ. ಸೋಮವಾರ ನಿಮಗ ಬರಿಯೂ ಮುಂದ ಹನ್ನೊಂದು ಮಂದಿ ಅಂತ ಬರದೆ, ಒಬ್ಬಾಕಿ ಹೆಸರು ಬರೀಲಿಲ್ಲ. ಬರೆದಿದ್ರ ನೀವು ಆಕಿ ವರದಿ ಒಂದನ್ನೇ ತೆಗೆದು ನೋಡ್ತಿದ್ರಿ. ಸಿಗ್ತಿತ್ತು. ಹೆಸರು ಬರೆದ್ರ, ಬಾವು ಕಂಡು ಯಾಕ ಹೋಗಲಿಲ್ಲ ಅಂತ ಯಾರರೆ ಕೇಳ್ತಾರ ಅಂತ ಅಂಜಿದ್ದೆ.

ನಿಮ್ಮ ಪತ್ರಕ್ಕ ನಾ ಸಿಟ್ಟಿನಿಂದ ಬರೆದಾಗ ಇದು ನನಗ ಗೊತ್ತಿತ್ತು, ಬರೀಲಿಲ್ಲ.

ಗುರುವಾರ, ಒಂದನೇ ತಾರೀಖು, ಇಲ್ಲಿ ಕೇಂದ್ರದಾಗ ವಿಚಾರಣೆ. ಟ್ರಸ್ಟಿನವರು ಬರ್ತಾರ, ಮಾಪಣ್ಣನೂ ಬರ್ತಾನ. ಇದನ್ನ ಅಲ್ಲಿ ಹೇಳ್ತೀನಿ. ವಿದ್ಯಾವತಿ ಮೇಡಮ್ ಹೇಳಬ್ಯಾಡ, ನೌಕರಿ ಹೋಗ್ತದ ಅಂತಾರ. ನಿಮಗೂ ಕರೆ ಬಂದಿರಬೇಕು. ಬರ್ರಿ. ಒಬ್ಬಾಕಿನೇ ನಿಂದ್ರೂದು ನನಗ ಆಗೂದಿಲ್ಲ.

ಕಾವೇರಿ


ಕಲಬುರಗಿ
೫ ಆಗಸ್ಟ್, ಸೋಮವಾರ ಮುಂಜಾನೆ ೭.೧೦

ಕಾವೇರಿ ಅಕ್ಕಾ,

ಗುರುವಾರ ನೀವು ಮಾತಾಡೂ ಮುಂದ ನನ್ನ ಕೈ ಹಿಡಿದಿದ್ರಿ. ನಿಮಗ ಬರೇ ನೋಟಿಸಿಗೆ ಮುಗೀತು ಅಂತ ಗೊತ್ತಾಗಿ ಬಸ್ಸಿನೊಳಗ ಅತ್ತೆ. ಪಕ್ಕದ ಅಜ್ಜಿ ನೀರು ಕೊಟ್ರು.

ನಿಮಗ ಗೊತ್ತಿಲ್ಲದ್ದು ಒಂದು ಅದ. ನೀವು ಒಳಗ ಕಾಗದಕ್ಕ ಸಹಿ ಮಾಡ್ಲಿಕ್ಕೆ ಹೋದಾಗ ಮಾಪಣ್ಣ ಹೊರಗ ನನ್ನ ಹತ್ರ ಬಂದ್ರು. ಮಿಲ್ಲಿನಿಂದ ಹಂಗೇ ಬಂದಿದ್ರು, ಹುಬ್ಬಿನ ಮ್ಯಾಲೆಲ್ಲಾ ಬ್ಯಾಳಿ ಧೂಳು. ಬೈತಾರ ಅಂತ ನಿಂತಿದ್ದೆ, ಬೈದ್ರ ಬೈಸಿಕೋಬೇಕು ಅಂತನೇ ನಿಂತಿದ್ದೆ. ಮುಂದ ಈ ಪಟ್ಟಿ ಯಾರು ನೋಡ್ತಾರ ಅಂತ ಕೇಳಿದ್ರು. ನನಗ ಧೈರ್ಯ ಇಲ್ಲ, ಬ್ಯಾರೆಯವರಿಗೆ ಕೊಟ್ಟು ಬಿಡ್ತೀನಿ ಅಂದೆ. ಅದಕ್ಕ ಅವರಂದ್ರು:

‘ಬಿಡಬ್ಯಾಡ್ರಿ. ನಿಮಗ ಈಗ ಅಂಜಿಕಿ ಹತ್ತ್ಯಾದ. ಅಂಜೂ ಮಂದಿನೇ ಅದನ್ನ ನೋಡಬೇಕು.’

ಅಷ್ಟೇ. ಕ್ಷಮಿಸೀನಿ ಅಂತ ಅನ್ನಲಿಲ್ಲ, ನಾ ಕೇಳಲೂ ಇಲ್ಲ.

ಹಿಂಗಾಗಿ ಉಳಿದೀನಿ. ಸುಮಧ್ವ ಸರ್‌ಗೆ ಟ್ರಸ್ಟಿನವರು ಆಕಿನೇ ಇದನ್ನ ನೋಡಲಿ ಅಂದಾರ, ಅವರು ಹೂಂ ಅಂದಾರ. ಹಸಿರು ಪರದೆ ತೆಗೆದು ಹಾಕೀನಿ. ಈಗ ಖಾಲಿ ಉತ್ತರಕ್ಕೂ ‘ಇಟಗೋಬ್ಯಾಡ’ ಅಂತ ಹೆಡರ್ ಹೋಗ್ತದ, ಯಾವಾಗ ಹುಟ್ಟಿದ್ದು ಅಂತಲೂ ಹೋಗ್ತದ. ನಿಮ್ಮ ಪರದೆ ಮ್ಯಾಲೆ ‘ಇಷ್ಟು ಗಂಟೆಗೆ ಲ್ಯಾಬಿನ ದಾಖಲೆ ನೋಡಿತು, ಹೆಸರು ಸಿಗಲಿಲ್ಲ’ ಅಂತ ಬರ್ತದ. ಒಂದು ತಾಸಿಗಿಂತ ಹಳೇದಿದ್ರ ‘ಗೊತ್ತಿಲ್ಲ, ಫೋನ್ ಮಾಡ್ರಿ’ ಅಂತ ಬರ್ತದ. ಆದ್ರೂ ದಿನಾ ಏಳಕ್ಕ ಬಂದು ಐದೂ ಕೇಂದ್ರದ್ದು ನಾನೇ ಕಣ್ಣಾರೆ ನೋಡ್ತೀನಿ. ಪ್ರತಿ ಸಲ ಅಂಜಿಕಿ ಬರ್ತದ. ಅದು ಕಡಿಮಿ ಆಗೂದಿಲ್ಲ ಅಂತ ಕಾಣಸ್ತದ.

ಇವತ್ತು ನಿಮ್ಮ ಪಟ್ಟಿಯೊಳಗ ಎರಡು ಹೆಸರು ಅವ. ಒಬ್ಬರು ಮಹಾಗಾಂವದವರು, ಏಳನೇ ತಿಂಗಳು, ಮೂತ್ರದೊಳಗ ಪ್ರೋಟೀನ್ ಎರಡು ಪ್ಲಸ್. ವರದಿ ಬಂದು ಹನ್ನೆರಡು ನಿಮಿಷ ಆಗ್ಯಾದ. ನಿಮ್ಮ ಫೋನ್ ಎಂಗೇಜ್ ಅದ, ಅದಕ್ಕ ಇಲ್ಲೂ ಬರೀಲಿಕ್ಕತ್ತೀನಿ.

ಅವರ ಮನಿ ಮುಟ್ಟಿದ ಕೂಡಲೇ ಬಿಪಿ ಎಷ್ಟದ ಅಂತ ಬರೀರಿ, ಅಕ್ಕಾ. ಅಲ್ಲೀತನಕ ನಾನು ಈ ಕುರ್ಚಿ ಬಿಟ್ಟು ಏಳೂದಿಲ್ಲ.

ಹರಿಪ್ರಿಯಾ